ನಮ್ಮನೆಯವರ ಸೈಕಲ್ಲಿಗೆ ನಾನು ಹೇರಿದ ಭಾರ

ಗಂಡನ ಸೈಕಲ್ಲಿನಲ್ಲಿ ಕದ್ದು ಕಲ್ಲು ತುಂಬಿದ ಹೆಂಗಸು ಶಹಾಪುರ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಇದನ್ನು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ. ನಿಜ ಹೇಳಬೇಕೆಂದರೆ ಆಗಲೂ ಇರಲಿಲ್ಲ. ನಮ್ಮ ತಂಗಿ ಮಾತ್ರ ಇವತ್ತಿಗೂ ನಾಲ್ಕು ಜನ ಸೇರಿದ ಕಡೆ ಈ ಮಾತು ತೆಗೆಯುತ್ತಾಳೆ, ಅದೂ ಅರ್ಧವನ್ನಷ್ಟೇ ಹೇಳುತ್ತಾಳೆ. ಅದಕ್ಕೇ ಪೂರ್ತಿ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಕಾಲುವೆಗೆ ನೀರು ಬಂದು ಏಳೆಂಟು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತ್ತು, ಭತ್ತದ ಹಿಂದೆಯೇ ಸೊಳ್ಳೆಯೂ ಬಂದಿತ್ತು. ನಮ್ಮನೆಯವರು ಶಹಾಪುರದ ಹತ್ತಿರದ ಒಂದು ಉಪಕಾಲುವೆಯ ಗೇಟು ನೋಡಿಕೊಳ್ಳುವ ದಿನಗೂಲಿ ನೌಕರರು. ಮೂರು ಗೇಟುಗಳು, ಅವುಗಳ ನಡುವೆ ಉದ್ದಕ್ಕೆ ಮಣ್ಣಿನ ದಂಡೆ, ಆ ದಂಡೆಯೇ ರಸ್ತೆ. ಬೆಳಿಗ್ಗೆ ಹೋಗಿ ಯಾವ ಹಳ್ಳಿಯ ಪಾಳಿಯೋ ಆ ಗೇಟು ತಿರುಗಿಸಿ, ನೀರಿನ ಮಟ್ಟ ಬರೆದುಕೊಂಡು ಬರಬೇಕು. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಅಲ್ಲೇ ಬಿಟ್ಟು ಬರುವಂತಿರಲಿಲ್ಲ. ಬಿಟ್ಟರೆ ಮಧ್ಯಾಹ್ನದೊಳಗೆ ಯಾರಾದರೂ ಇಡೀ ಕಾಲುವೆಯನ್ನೇ ತಮ್ಮ ಗದ್ದೆಗೆ ತಿರುಗಿಸಿಕೊಂಡಿರುತ್ತಿದ್ದರು. ಹಾಗಾಗಿ ಆ ಹ್ಯಾಂಡಲ್ ಅವರು ಹೋದಲ್ಲೆಲ್ಲ ಹೋಗುತ್ತಿತ್ತು, ಮನೆಗೆ ಬಂದರೆ ನಮ್ಮ ಮಂಚದ ಕೆಳಗೆ ಇರುತ್ತಿತ್ತು. ಎಷ್ಟು ಸಲ ನನ್ನ ಕಾಲ್ಬೆರಳಿಗೆ ಬಡಿದಿದೆಯೋ ಲೆಕ್ಕವಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ದಿನಾ ಸೈಕಲ್ ತುಳಿಯುತ್ತಿದ್ದರು, ಮೈ ಕಟ್ಟುಮಸ್ತಾಗಿತ್ತು. ಆಮೇಲೆ ದಂಡೆಯ ಮೇಲೆ ಟ್ರ್ಯಾಕ್ಟರುಗಳು ಓಡಾಡತೊಡಗಿದವು. ಗೇಟಿನ ಹ್ಯಾಂಡಲ್ ಕೈಯಲ್ಲಿ ಹಿಡಿದು ನಿಂತವನನ್ನು ಬಿಟ್ಟು ಮುಂದೆ ಹೋಗುವಷ್ಟು ಧೈರ್ಯ ಯಾವ ಟ್ರ್ಯಾಕ್ಟರಿನವನಿಗಿದೆ? ಬರ್ರಿ ಸಾಹೇಬ್ರ, ಕುಂದರ್ರಿ ಸಾಹೇಬ್ರ ಎಂದು ಹತ್ತಿಸಿಕೊಳ್ಳುತ್ತಿದ್ದರು. ಇಳಿದ ಕಡೆಯಲ್ಲಿ ಚಹಾ, ಚಹಾದ ಜೊತೆ ಮಿರ್ಚಿ ಭಜಿ, ಮಂಡಕ್ಕಿಯ ಸೂಸಲಾ. ಐದು ವರ್ಷದಲ್ಲಿ ನಮ್ಮನೆಯವರ ಅಂಗಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಮಧ್ಯಾಹ್ನ ಊಟ ಮಾಡಿ ಅಂಗಾತ ಮಲಗಿದರೆ ಶಹಾಪುರದ ಗುಡ್ಡ ನೋಡಲು ಊರ ಹೊರಗೆ ಹೋಗುವ ಅಗತ್ಯವಿರಲಿಲ್ಲ.

ಒಂದು ದಿನ ಬೆಳಿಗ್ಗೆ ಎರಡನೇ ಗೇಟು ತಿರುಗಿಸುವಾಗ ಅವರಿಗೆ ತಲೆ ತಿರುಗಿತು. ಗೇಟಿನ ಕಂಬ ಹಿಡಿದುಕೊಂಡು ಅಲ್ಲೇ ಕುಸಿದರು. ಕಳೆ ಕೀಳುತ್ತಿದ್ದ ಇಬ್ಬರು ಹೆಂಗಸರು ನೋಡಿ ಓಡಿ ಬಂದು, ಟ್ರ್ಯಾಕ್ಟರಿನಲ್ಲಿ ಮನೆಗೆ ಕಳಿಸಿದರು. ಕೆಳಗೆ ನೀರು ತುಂಬಿ ಹರಿಯುತ್ತಿತ್ತಂತೆ. ಕಂಬದ ಕಡೆಗಲ್ಲದೆ ನೀರಿನ ಕಡೆಗೆ ವಾಲಿದ್ದರೆ ಏನು ಗತಿ ಎಂದು ಆ ಹೆಂಗಸರಲ್ಲಿ ಒಬ್ಬಳು ನನ್ನೆದುರಿಗೇ ಅಂದಳು. ಇವರು ಮಾತ್ರ “ಏನೂ ಆಗಿಲ್ಲ, ಬಿಸಲಿಗಿ ಹಂಗಾತು” ಎಂದು ಮಗ್ಗುಲಾದರು. ಆ ದಿನದ ಮಾತನ್ನು ಮತ್ತೆ ತೆಗೆಯಲೇ ಇಲ್ಲ.

ಅದೇ ತಿಂಗಳು ಆಫೀಸಿನಿಂದ ಸುದ್ದಿ ಬಂತು. ಬಹಳ ವರ್ಷದಿಂದ ದುಡಿಯುತ್ತಿದ್ದ ದಿನಗೂಲಿಗಳನ್ನು ಕಾಯಂ ಮಾಡುತ್ತಾರೆ, ಪಟ್ಟಿಯಲ್ಲಿ ಇವರ ಹೆಸರಿದೆ, ಯಾದಗಿರಿಯ ಆಸ್ಪತ್ರೆಯಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತಂದು ಕೊಡಬೇಕು. ಇಬ್ಬರೂ ಹೋದೆವು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು, ಮೀಟರ್ ನೋಡಿದರು, ಇವರ ಹೊಟ್ಟೆ ನೋಡಿದರು, ಮತ್ತೆ ಮೀಟರ್ ನೋಡಿದರು.

“ಈ ಬಿಪಿ ಇಟ್ಕೊಂಡು ಕಾಲುವಿ ಮ್ಯಾಲ ನಿಂದ್ರತೀರೇನು? ನಾ ಸಹಿ ಮಾಡಂಗಿಲ್ಲ. ಮೂರು ತಿಂಗಳ ಟೈಮ್ ಅದ. ಗುಳಗಿ ತಗೋರಿ, ಉಪ್ಪಿನಕಾಯಿ ಬಿಡ್ರಿ, ದಿನಾ ಸೈಕಲ್ ತುಳೀರಿ. ಅದರಾಗೂ ಇಳೀಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ.”

ಇಳಿಯದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಅವರ ಜಾಗಕ್ಕೆ ಪಟ್ಟಿಯಲ್ಲಿ ಅವರ ನಂತರ ಇರುವವನು ಬರುತ್ತಾನೆ. ವಾಪಸು ಬರುವಾಗ ಬಸ್ಸು ಭೀಮಾ ಸೇತುವೆ ದಾಟುತ್ತಿತ್ತು. ಕೆಳಗೆ ನೀರು ಕಂಡಿತು. ಕೆಲಸ ಕಾಯಂ ಆಗದಿದ್ದರೂ ಹೇಗೋ ನಡೆದೀತು, ಇವರು ಇನ್ನೊಮ್ಮೆ ಹಾಗೆ ಕುಸಿದರೆ ನನ್ನ ಬದುಕು ಮುಗಿಯಿತು ಎನಿಸಿತು. ಆ ಭಯವನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ. ನಾನು ಭಯ ಬಿದ್ದರೆ ಬೈಯುತ್ತೇನೆ. ಅವತ್ತು ಶಹಾಪುರ ಮುಟ್ಟುವವರೆಗೂ ಬೈದೆ.

ಮನೆಯಲ್ಲಿ ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಕಪ್ಪು ಸೈಕಲ್ ಇತ್ತು. ಹಾಲಿನ ಕ್ಯಾನು ಹೊರುವ ಜಾತಿಯದು, ದಪ್ಪ ಪೈಪು, ಎರಡು ಕಾಲಿನ ಸ್ಟ್ಯಾಂಡು. ಅದರ ಧೂಳು ಒರೆಸುತ್ತಾರೆ ಎಂದುಕೊಂಡರೆ ಇವರು ಭಾನುವಾರ ಸುರಪುರಕ್ಕೆ ಹೋಗಿ, ಅಲ್ಲಿದ್ದ ನನ್ನ ತಂಗಿಯ ಗಂಡನಿಂದ ಕೆಂಪು ಸೈಕಲ್ಲೊಂದನ್ನು ಕೇಳಿ ಇಸಿದುಕೊಂಡು ಬಂದರು. ಸಣ್ಣ ಪೈಪು, ಸಣ್ಣ ಗಾಲಿ. ನಾನು ಒಂದು ಕೈಯಲ್ಲಿ ಎತ್ತಿ ಹೊಸ್ತಿಲು ದಾಟಿಸಿದೆ. ಮರುದಿನ ಅದರ ಮೇಲೆ ಮೂರೂ ಗೇಟು ಮುಗಿಸಿ ಬಂದರು. ಹಣೆಯ ಮೇಲೆ ಒಂದು ಹನಿ ಬೆವರಿಲ್ಲ, ಹಾಕಿಕೊಂಡ ಪೌಡರು ಹಾಗೇ ಇತ್ತು.

ನನಗೆ ಸಿಟ್ಟು ಬಂತು. ಇದೆಂಥ ವ್ಯಾಯಾಮ? ನಮ್ಮವ್ವ ಎರಡು ಕೊಡ ನೀರು ಹೊತ್ತು ಅರ್ಧ ಮೈಲಿ ನಡೆದವಳು, ಸಾಯುವವರೆಗೆ ಗುಳಿಗೆ ಮುಟ್ಟಲಿಲ್ಲ. ಭಾರ ಹೊತ್ತರೆ ಮೈ ಗಟ್ಟಿಯಾಗುತ್ತದೆ, ಇದಕ್ಕೆ ಡಾಕ್ಟರನ್ನೇಕೆ ಕೇಳಬೇಕು? ಆದರೂ ಒಬ್ಬರನ್ನಾದರೂ ಕೇಳೋಣವೆಂದು ಶಹಾಪುರದ ಬಸ್‌ಸ್ಟ್ಯಾಂಡ್ ಬಳಿ ಸೈಕಲ್ ಅಂಗಡಿ ಇಟ್ಟಿದ್ದ ಚಾಚಾನ ಹತ್ತಿರ ಹೋದೆ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ ಮಾತಾಡುವ ಮುದುಕ. ಪಂಕ್ಚರ್ ಹಾಕುತ್ತಲೇ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ನಾನು ಇವರಿಗೆ ರಿಪೇರಿಯ ನೆಪ ಹೇಳಿ ಎರಡೂ ಸೈಕಲ್ಲನ್ನು ಮೊದಲೇ ಅಂಗಡಿಗೆ ತರಿಸಿದ್ದೆ. ಪಕ್ಕದ ಹತ್ತಿ ವ್ಯಾಪಾರಿಯ ಕಾಟಾದ ಮೇಲೆ ಎರಡನ್ನೂ ತೂಗಿಸಿದೆವು. ಕಪ್ಪು ಸೈಕಲ್ ಇಪ್ಪತ್ತಮೂರು ಕಿಲೋ, ಕೆಂಪು ಹದಿನಾಲ್ಕು.

“ಒಂಬತ್ತು ಕಿಲೋ ಫರಕ್ ಅದ” ಎಂದರು ಚಾಚಾ. “ಆದ್ರ ಬೇಟಿ, ಕಾಲುವಿ ದಂಡಿ ಸಪಾಟ್ ಅದ. ಅಲ್ಲಿ ಒಮ್ಮೆ ಗಾಲಿ ಉಳ್ಳಾಕ ಹತ್ತಿತಂದ್ರ ಭಾರ ಗೊತ್ತಾಗಂಗಿಲ್ಲ, ಎದುರು ಗಾಳಿ ಗೊತ್ತಾಗತದ. ಭಾರ ಗೊತ್ತಾಗೋದು ಏರಿನಾಗ, ಮತ್ತ ನಿಂತ ಸೈಕಲ್ ಎಬ್ಬಸೋವಾಗ. ಹಗುರ ಸೈಕಲ್ ಆದ್ರೂ ಜೋರ್ ತುಳದ್ರ ಅಷ್ಟೇ ದಮ್ಮು ಹತ್ತತದ. ತುಳ್ಯಾವನ ಮ್ಯಾಲ ಅದ ಎಲ್ಲಾ.”

“ನಮ್ಮವರು ಜೋರ್ ತುಳ್ಯಾಂಗಿಲ್ಲ ಚಾಚಾ.”

“ಹಂಗಾದ್ರ ಸೈಕಲ್ ಏನ್ ಮಾಡತದ?”

ಮುದುಕನಿಗೆ ಅರಳುಮರಳು ಎಂದುಕೊಂಡು ಮನೆಗೆ ಬಂದೆ. ಬುದ್ಧಿವಂತರ ಮಾತು ನಮಗೆ ಬೇಡವಾದಾಗ ಹೀಗೆ ಅಂದುಕೊಳ್ಳುವುದು ಬಹಳ ಸುಲಭ.

ಕೆಂಪು ಸೈಕಲ್ಲಿನ ಕ್ಯಾರಿಯರ್ ಮೇಲೆ ಇವರು ತಗಡಿನ ಡಬ್ಬಿಯೊಂದನ್ನು ಕಟ್ಟಿದ್ದರು. ಅದರಲ್ಲಿ ನೀರಿನ ಮಟ್ಟ ಬರೆಯುವ ವಹಿ, ಗ್ರೀಸಿನ ಡಬ್ಬ, ಬುತ್ತಿ. ಬುತ್ತಿ ಇಡುವವಳು ನಾನೇ ತಾನೇ? ಡಬ್ಬಿಯ ತಳಕ್ಕೆ ಒಂದು ಕಲ್ಲು ಇಟ್ಟು, ಮೇಲೆ ಗೋಣಿತಟ್ಟು ಹಾಸಿ, ಅದರ ಮೇಲೆ ಬುತ್ತಿ ಇಟ್ಟೆ. ಮೊದಲನೆಯ ದಿನ ಅಂಗಳದ ತುಳಸಿಯ ಹತ್ತಿರ ಬಿದ್ದಿದ್ದ ದುಂಡನೆಯ ಕಲ್ಲು. ಸಂಜೆಯ ಹೊತ್ತಿಗೆ ಬಂದರು, ಅಂಗಿ ಬೆನ್ನಿಗೆ ಅಂಟಿತ್ತು. ನನಗೆ ಒಳಗೊಳಗೇ ಖುಷಿ. ಅವತ್ತು ಉಪ್ಪಿಲ್ಲದ ಸಾರನ್ನು ಎರಡು ಸಲ ಬಡಿಸಿದೆ.

ಮರುದಿನ ಡಬ್ಬಿ ತೆರೆದರೆ ಕಲ್ಲಿಲ್ಲ. ಗೋಣಿತಟ್ಟು ಮಡಚಿ ಅಚ್ಚುಕಟ್ಟಾಗಿ ಇಟ್ಟಿತ್ತು. ಸಿಕ್ಕಿಬಿದ್ದೆ ಎಂದು ತಿಳಿಯಿತು. ಬೈಯುತ್ತಾರೆ ಎಂದು ಕಾದೆ. ಅವರು ಚಹಾ ಕುಡಿದರು, ಗೋಡೆಯ ಮೇಲಿನ ಹಲ್ಲಿಯ ಕಡೆ ನೋಡಿದರು, ಏನೂ ಅನ್ನಲಿಲ್ಲ. ಅವರು ಅನ್ನದಿದ್ದರೆ ನಾನ್ಯಾಕೆ ಅನ್ನಲಿ? ಮತ್ತೊಂದು ಕಲ್ಲು ಇಟ್ಟೆ. ಅದೂ ಸಂಜೆಗೆ ಮಾಯ. ಹೀಗೆ ಮೂರು ವಾರ ನಡೆಯಿತು. ನಾನು ಇಡುವುದು, ಅವರು ಎಲ್ಲಿಯೋ ಇಳಿಸುವುದು, ಇಬ್ಬರೂ ಊಟಕ್ಕೆ ಕುಳಿತು ಮಳೆಯ ಮಾತಾಡುವುದು. ಎಲ್ಲಿ ಇಳಿಸಿದರೂ ಅಲ್ಲಿಯವರೆಗೆ ಹೊತ್ತಿರುತ್ತಾರಲ್ಲ, ಅಷ್ಟೇ ಲಾಭ ಎಂದು ಸಮಾಧಾನ ಮಾಡಿಕೊಂಡೆ. ದಿನಾ ಅಂಗಿಯಂತೂ ತೊಯ್ದು ಬರುತ್ತಿತ್ತು. ಅಂಗಳದ ಕಲ್ಲು ತೀರಿದ ಮೇಲೆ ಬೇಲಿಯ ಕಲ್ಲು ತೆಗೆದೆ. ಅದೂ ತೀರಿದ ಮೇಲೆ, ಮಿಕ್ಸರ್ ಬಂದಾಗಿನಿಂದ ಮೂಲೆಯಲ್ಲಿ ಬಿದ್ದಿದ್ದ ರುಬ್ಬುವ ಗುಂಡನ್ನೇ ಹೊರಡಿಸಿದೆ.

ನಾಲ್ಕನೆಯ ವಾರ ಕಾಲುವೆಯ ಟೇಲೆಂಡಿನ, ಅಂದರೆ ನೀರು ಎಲ್ಲರಿಗಿಂತ ಕೊನೆಗೆ ಮುಟ್ಟುವ, ಹಳ್ಳಿಯಿಂದ ಒಬ್ಬ ಹಿರಿಯ ಹೆಂಗಸು ಮನೆಗೆ ಬಂದರು. ಕೈಯಲ್ಲಿ ಅರ್ಧ ಹೋಳು ತೆಂಗಿನಕಾಯಿ, ಕುಂಕುಮ.

“ತಗೋರಿ ತಂಗಿ, ತಾಯಿ ಪ್ರಸಾದ.”

“ಯಾವ ತಾಯಿದ್ರಿ?”

“ನಿಮ್ಮ ಯಜಮಾನ್ರು ಮೊದಲ್ನೇ ಗೇಟಿನ್ಹಂತ್ಯಾಕ ಕುಂದ್ರಿಸ್ಯಾರಲ್ಲ, ಆ ತಾಯಿ. ನಿಮಗ ಹೇಳಿಲ್ಲೇನು? ದಿನಾ ಮುಂಜಾನಿ ಒಂದು ಕಲ್ಲು ತಂದು, ಅತ್ತಿತ್ತ ನೋಡಿ, ಬಗ್ಗಿ ಇಟ್ಟು ಹೋಗ್ತಾರ. ಯಾರ್ ಮುಂದೂ ಒಂದ್ ಮಾತ್ ಆಡಂಗಿಲ್ಲ. ಏನರ ಹರಕಿ ಇರಬೇಕು ಅಂತ ನಾವೂ ಕೇಳಿಲ್ಲ. ತಾಯಿ ಕುಂತಾಗಿಂದ ನಮ್ಮ ಹೊಲಕ್ಕ ನೀರು ಬರಾಕತ್ತ್ಯಾವ. ಐದು ವರ್ಷದಾಗ ಇದ ಮೊದಲು.”

ನನಗೆ ನಗಬೇಕೋ ಓಡಬೇಕೋ ತಿಳಿಯಲಿಲ್ಲ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಅವರನ್ನು ಕಳಿಸಿ, ಸೆರಗು ಸಿಕ್ಕಿಸಿ ಮೊದಲನೇ ಗೇಟಿಗೆ ನಡೆದೆ. ಬೇವಿನ ಗಿಡದ ಕೆಳಗೆ ನನ್ನ ಕಲ್ಲುಗಳು ಸಾಲಾಗಿ ಕುಳಿತಿದ್ದವು. ಅರಿಸಿನ, ಕುಂಕುಮ, ಚೆಂಡು ಹೂವು. ನಡುವೆ, ಎಲ್ಲಕ್ಕಿಂತ ಎತ್ತರಕ್ಕೆ, ಹಸಿರು ರವಿಕೆ ಕಣ ಉಡಿಸಿಕೊಂಡು ನಮ್ಮ ಮನೆಯ ರುಬ್ಬುವ ಗುಂಡು. ಅದರಿಂದ ಹತ್ತು ವರ್ಷ ಚಟ್ನಿ ಅರೆದವಳು ನಾನು, ಗುರುತು ಹಿಡಿಯದೇ ಇರುತ್ತೇನೆಯೇ? ನಾಲ್ಕೈದು ಹೆಂಗಸರು ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ನಮ್ಮನೆಯವರು, ಗೇಟಿನ ಹ್ಯಾಂಡಲ್ ಹೆಗಲ ಮೇಲೆ, ಮುಖದಲ್ಲಿ ದೊಡ್ಡ ಭಕ್ತಿ.

“ಬಾ, ನೀನೂ ಒಂದು ಕಾಯಿ ಒಡಿ” ಎಂದರು, ತುಟಿ ಅಲುಗಿಸದೆ.

ಯಾರೋ ಕಾಯಿ ಕೊಟ್ಟರು. ಒಡೆದೆ. ನನ್ನ ಗುಂಡಿಗೇ ನಾನು ಅಡ್ಡಬಿದ್ದೆ. ಹೆಂಗಸರು ಹೋದ ಮೇಲೆ ಅವರು ದಂಡೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಂಗಿ ದಿನಾ ಹೇಗೆ ತೊಯ್ಯುತ್ತಿತ್ತು ಎಂದು ಕೇಳಿದೆ. ಮನೆಗೆ ಬರುವ ಮೊದಲು ಕಾಲುವೆಯ ನೀರನ್ನು ಬೊಗಸೆಯಲ್ಲಿ ತೆಗೆದು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರಂತೆ. ಟೇಲೆಂಡಿಗೆ ನೀರು ಮುಟ್ಟಿದ್ದು ತಾಯಿಯ ಮಹಿಮೆ ಹೌದೋ ಅಲ್ಲವೋ ನಾನು ಹೇಳಲಾರೆ. ಆದರೆ ಟ್ರ್ಯಾಕ್ಟರ್ ಹತ್ತುವುದು ನಿಂತ ಮೇಲೆ, ಮೇಲಿನ ಹೊಲದವರ ಚಹಾ, ಭಜಿಯೂ ನಿಂತಿದ್ದವು. ಚಹಾ ನಿಂತ ಮೇಲೆ ಗೇಟುಗಳು ಪಾಳಿಯ ಪ್ರಕಾರ ತಿರುಗುತ್ತಿದ್ದವು.

ಕಲ್ಲು ಸಾಕಪ್ಪ ಎಂದು ಅವತ್ತೇ ಒಪ್ಪಿಕೊಂಡೆ. ಇನ್ನಷ್ಟು ಇಟ್ಟರೆ ಜನ ಗುಡಿಯನ್ನೇ ಕಟ್ಟುತ್ತಿದ್ದರು. ಆದರೆ ವ್ಯಾಯಾಮದ ಮಾತು ಬಿಡಲಿಲ್ಲ. ಎರಡು ತಿಂಗಳು ಉಳಿದಿದೆ, ಹೀಗೆ ನೀರು ಸುರಿದುಕೊಂಡು ಬಂದರೆ ಡಾಕ್ಟರು ಸಹಿ ಮಾಡುತ್ತಾರೇನು ಎಂದು ಗದರಿಸಿದೆ. ಅವರು ಸ್ವಲ್ಪ ಹೊತ್ತು ಕಾಲುವೆಯ ಕಡೆ ನೋಡಿದರು.

“ಭಾರ ಬೇಕಂದ್ರ ನೀನ ಕುಂದ್ರು ಹಿಂದ. ಕಲ್ಲಿಗಿಂತ ನೀ ವಜನ್ ಇದ್ದಿ.”

ನನ್ನನ್ನು ಹೆದರಿಸಲು ಹಾಗಂದರು ಎಂದುಕೊಂಡೆ. ನಾನು ಹೆದರುವವಳಲ್ಲ. ಕೆಂಪು ಸೈಕಲ್ ಸುರಪುರಕ್ಕೆ ವಾಪಸು ಹೋಯಿತು, ಅದರ ಕ್ಯಾರಿಯರ್ ನನ್ನನ್ನು ತಡೆಯುವಂಥದ್ದಾಗಿರಲಿಲ್ಲ. ಕಪ್ಪು ಸೈಕಲ್ಲಿನ ಧೂಳು ಒರೆಸಿದೆವು. ಮರುದಿನ ಬೆಳಿಗ್ಗೆ ಮನೆಗೆಲಸ ಮುಗಿಸಿ, ಹ್ಯಾಂಡಲ್ ತೊಡೆಯ ಮೇಲಿಟ್ಟುಕೊಂಡು ಕ್ಯಾರಿಯರ್ ಮೇಲೆ ಅಡ್ಡ ಕುಳಿತೆ. ಊರಿನವರಿಗೆ ಹಬ್ಬ. ಗೇಟಿಗೂ ಹೆಂಡತಿಯನ್ನು ಕರೆದುಕೊಂಡು ಹೋಗುವ ಗಂಡನನ್ನು ಅವರು ನೋಡಿರಲಿಲ್ಲ. “ಏನವ್ವ, ನೀನೂ ಡ್ಯೂಟಿಗಿ ಸೇರ್ಕೊಂಡಿಯೇನು?” ಎಂದು ಗದ್ದೆಯಿಂದಲೇ ಕೂಗುತ್ತಿದ್ದರು. “ಹೌದ್ರಿ, ನಾನ ಇವರ ಸಾಹೇಬ್ರು” ಎನ್ನುತ್ತಿದ್ದೆ.

ಚಾಚಾ ಹೇಳಿದ್ದೆಲ್ಲ ಆ ಎರಡು ತಿಂಗಳಲ್ಲಿ ಅಕ್ಷರಶಃ ನಿಜವಾಯಿತು. ಸೈಕಲ್ ಎಬ್ಬಿಸುವಾಗ ಇವರ ಕುತ್ತಿಗೆಯ ನರ ಉಬ್ಬುತ್ತಿತ್ತು. ಒಮ್ಮೆ ಗಾಲಿ ಉರುಳತೊಡಗಿದರೆ ದಂಡೆಯ ಉದ್ದಕ್ಕೂ ಹಾಡು ಗುನುಗುತ್ತ ಹೋಗುತ್ತಿದ್ದರು. ಹಳ್ಳಿಯ ದಾರಿಯಿಂದ ದಂಡೆಗೆ ಹತ್ತುವ ಒಂದು ಏರಿತ್ತು. ನಮ್ಮ ಪರೀಕ್ಷೆಯೆಲ್ಲ ಅಲ್ಲಿಯೇ. ಮೊದಲ ವಾರ ಏರಿನ ಬುಡದಲ್ಲೇ ನಾನು ಇಳಿಯುತ್ತಿದ್ದೆ, ಅವರು ತಳ್ಳುತ್ತಿದ್ದರು. ಎರಡನೆಯ ವಾರ ಅರ್ಧ ಏರು. ತಿಂಗಳು ತುಂಬುವ ಹೊತ್ತಿಗೆ ನನ್ನನ್ನು ಇಳಿಸದೆ, ಹಲ್ಲು ಕಚ್ಚಿ, ಅಡ್ಡಾದಿಡ್ಡಿ ತುಳಿದು ಮೇಲೆ ಹತ್ತಿಸಿದರು. ಹತ್ತಿ ನಿಂತು ಏದುಸಿರು ಬಿಡುತ್ತ, “ನೀ ಭಾಳ ಹಗುರಿದ್ದಿ” ಎಂದರು. ಆ ಸುಳ್ಳು ನನಗೆ ಎಷ್ಟು ಹಿತವಾಯಿತೆಂದರೆ ಅವತ್ತು ಪಥ್ಯದ ರಾಗಿ ಗಂಜಿಯ ಬದಲು ಜೋಳದ ರೊಟ್ಟಿ ಮಾಡಿ ಬಡಿಸಿದೆ. ಎರಡನೇ ಗೇಟಿನ ಹತ್ತಿರ ಬಂದಾಗ ಮಾತ್ರ ಅವರ ಹಾಡು ನಿಲ್ಲುತ್ತಿತ್ತು. ನಾನು ಇಳಿದು ಹ್ಯಾಂಡಲ್ ಕೊಟ್ಟು, ಅವರು ತಿರುಗಿಸುವವರೆಗೆ ಪಕ್ಕದಲ್ಲೇ ನಿಲ್ಲುತ್ತಿದ್ದೆ. ನಿಲ್ಲು ಎಂದು ಅವರು ಹೇಳಿರಲಿಲ್ಲ, ಹೋಗು ಎಂದೂ ಹೇಳುತ್ತಿರಲಿಲ್ಲ.

ಮೂರು ತಿಂಗಳು ತುಂಬಿದ ದಿನ ಕಪ್ಪು ಸೈಕಲ್ಲನ್ನೂ ಗೇಟಿನ ಹ್ಯಾಂಡಲ್ಲನ್ನೂ ಚಾಚಾನ ಅಂಗಡಿಯಲ್ಲಿ ಬಿಟ್ಟು ಯಾದಗಿರಿ ಬಸ್ಸು ಹಿಡಿದೆವು. ಅದೇ ಡಾಕ್ಟರು. ಇವರನ್ನು ಆಸ್ಪತ್ರೆಯ ಮೆಟ್ಟಿಲು ಎರಡು ಸಲ ಹತ್ತಿಸಿ ಇಳಿಸಿದರು, ನಾಡಿ ಹಿಡಿದರು, ಹತ್ತು ನಿಮಿಷ ಕೂರಿಸಿ ತೋಳಿಗೆ ಪಟ್ಟಿ ಸುತ್ತಿದರು. ನಾನು ಬಾಗಿಲಲ್ಲಿ ನಿಂತು ಡಾಕ್ಟರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಇಳಿಯಿತು, ಪೆನ್ನು ಹೊರಗೆ ಬಂತು.

“ಗುಳಗಿ ಬಿಡಬ್ಯಾಡ್ರಿ. ಏನ್ ಮಾಡಿದ್ರಿ ಇಷ್ಟು ಇಳ್ಯಾಕ?”

“ಸೈಕಲ್ ತುಳಿದೀನ್ರಿ. ಇಕಿನ್ನ ಹಿಂದ ಕುಂದ್ರಿಸ್ಕೊಂಡು.”

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಬಾಗಿಲಿನ ಅಗಲವನ್ನು ಹೆಚ್ಚುಕಡಿಮೆ ತುಂಬಿ ನಿಂತಿದ್ದೆ. “ಬರ್ರಿ ಇಲ್ಲಿ, ನಿಮ್ಮದೂ ನೋಡೋಣ” ಎಂದರು. ನನಗೇನಾಗಿದೆ, ನಾನು ಗಟ್ಟಿಯಿದ್ದೇನೆ ಎಂದೆ. ಬಿಡಲಿಲ್ಲ. ಪಟ್ಟಿ ಸುತ್ತಿ ಗಾಳಿ ಹಾಕಿದರು. ಇಳಿದಿದ್ದ ಹುಬ್ಬು ಮತ್ತೆ ಮೇಲೇರಿತು. ಮೂರು ತಿಂಗಳ ಹಿಂದೆ ಇವರದ್ದು ಎಷ್ಟಿತ್ತೋ ನನ್ನದು ಅದಕ್ಕಿಂತ ಒಂದು ಗೆರೆ ಮೇಲೆಯೇ ಇತ್ತಂತೆ. ಇವರ ಹೆಸರಿಗೆ ಸಹಿ ಬಿತ್ತು, ನನ್ನ ಹೆಸರಿಗೆ ಗುಳಿಗೆಯ ಚೀಟಿ. ಬಸ್ಸಿನಲ್ಲಿ ಇವರು ಒಂದು ಮಾತೂ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಶಹಾಪುರದಲ್ಲಿ ಇಳಿದು ಸೈಕಲ್, ಹ್ಯಾಂಡಲ್ ತೆಗೆದುಕೊಂಡು ದಂಡೆಗೆ ಬಂದೆವು. ಯಾರೂ ಇಲ್ಲದ್ದನ್ನು ನೋಡಿ ಇವರು ಹಿಡಿಕೆಗಳನ್ನು ನನ್ನ ಕೈಗೆ ಕೊಟ್ಟು, ತಾವು ಕ್ಯಾರಿಯರ್ ಮೇಲೆ ಕುಳಿತರು. “ಈಗ ನೀ ತುಳಿ” ಎಂದರು. ಹುಡುಗಿಯಿದ್ದಾಗ ಸೋದರಮಾವನ ಊರಾದ ಬೋನಾಳದಲ್ಲಿ ಅವರ ಸೈಕಲ್ಲನ್ನು ಕದ್ದು ತುಳಿದು ಕಲಿತವಳು ನಾನು. ಸೀರೆ ಎತ್ತಿ ಕಚ್ಚೆ ಹಾಕಿ ಹತ್ತಿದೆ. ಪೆಡಲಿನ ಮೇಲೆ ಪೂರ್ತಿ ನಿಂತೆ. ಸೈಕಲ್ ಅಲುಗಲಿಲ್ಲ. ಇವರು ನೆಲಕ್ಕೆ ಕಾಲು ಕೊಟ್ಟು ದಬ್ಬಿದರು, ಹತ್ತು ಮಾರು ಹೋಗುವಷ್ಟರಲ್ಲಿ ನನ್ನ ತೊಡೆ ನಡುಗಿ, ಎದೆ ಬಡಿದುಕೊಂಡು, ಕಣ್ಣಿಗೆ ಕತ್ತಲೆ ಬಂದಂತಾಗಿ ಇಳಿದುಬಿಟ್ಟೆ. ಸಪಾಟು ದಾರಿಯಲ್ಲೇ ಇಷ್ಟಾದರೆ ಆ ಏರನ್ನು ಇವರು ಹೇಗೆ ಹತ್ತಿಸಿದರು ಎಂದು ಆಗ ಹೊಳೆಯಿತು. ನನ್ನ ಹಟಕ್ಕಾಗಿ ಇವರನ್ನು ಎರಡು ತಿಂಗಳು ದಣಿಸಿದೆನಲ್ಲ ಎಂದು ನನ್ನ ಮೇಲೇ ಬೇಜಾರಾಯಿತು.

“ಇಷ್ಟು ಭಾರ ಇದ್ದೇನಂತ ಒಂದಿನಾನೂ ಯಾಕ ಅನಲಿಲ್ರಿ? ನಾ ಭಾರ ಹಾಕಂದ್ರ ನೀವು ಹಾಕ್ಕೊಂಡ್ ಬಿಡೋದೇನು?”

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಗೇಟಿನ ಹ್ಯಾಂಡಲ್ಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

“ಭಾರಕ್ಕಂತ ನಿನ್ನ ಕುಂದ್ರಿಸ್ಕೊಂಡಿದ್ದಿಲ್ಲ. ಅವತ್ತು ತಲಿ ತಿರುಗಿದಾಗಿಂದ ಆ ಎರಡನೇ ಗೇಟಿಗಿ ಒಬ್ಬನ ಹೋಗಾಕ ಅಂಜಿಕಿ ಬರ್ತಿತ್ತು ನನಗ. ಗೇಟ್ ತಿರುಗಸೋನಿಗಿ ನೀರು ಕಂಡ್ರ ಅಂಜಿಕಿ ಅಂದ್ರ ಯಾರರ ಕೆಲಸದಾಗ ಇಟ್ಕೋತಾರೇನು? ಅದಕ್ಕ ಯಾರಿಗೂ ಹೇಳಿಲ್ಲ. ನೀ ಬಾಜೂಕ ನಿಂತ್ರ, ಬಿದ್ರೂ ಹಿಡೀತಾಳ ಅನಸ್ತಿತ್ತು.”

ಅಷ್ಟು ದಿನ ನಾನು ಕಲ್ಲಿನ ಜಾಗದಲ್ಲಿ ಕುಳಿತಿದ್ದೇನೆ ಎಂದುಕೊಂಡಿದ್ದೆ. ಅಳು ಬಂತು, ಅತ್ತೆ. ಅವರು ಅತ್ತಿತ್ತ ನೋಡಿ ತಮ್ಮ ಹೆಗಲ ಮೇಲಿನ ಟವೆಲ್ ಕೊಟ್ಟರು.

ಮರುದಿನ ಬೆಳಿಗ್ಗೆ ನನಗೂ ವ್ಯಾಯಾಮ ಬೇಕಾಗಿತ್ತು, ಅವರಿಗೂ ಜೊತೆ ಬೇಕಾಗಿತ್ತು. ಕ್ಯಾರಿಯರ್ ಮೇಲೆ ಗೇಟಿನ ಹ್ಯಾಂಡಲ್ ಕಟ್ಟಿ ಅವರು ಸೈಕಲ್ ತಳ್ಳಿಕೊಂಡು ನಡೆದರು, ನಾನು ನೀರಿನ ಕಡೆಯ ಬದಿಯಲ್ಲಿ ನಡೆದೆ.